ಕಣ್ಣಿನಿಂದ ಕದಿರಿಗೆ

"ಮೇಡಂ, ಈ ಫೋಟೊದಾಗ ಎಷ್ಟು ಬಣ್ಣ ಅದಾವ, ಅಷ್ಟೂ ಬಣ್ಣದ ಉಣ್ಣಿ ಬೇಕೇನ್ರಿ?"

ಚಿತ್ರ ನೋಡಿ ನೂಲು ತೆಗೆಯುವ ತರಗತಿಯಲ್ಲಿ ಪ್ರತಿ ಸಲವೂ ಯಾರಾದರೊಬ್ಬರು ಕೇಳುವ ಪ್ರಶ್ನೆ ಇದು. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಸೂರ್ಯಾಸ್ತವೋ ಹೂವಿನ ಮಾರುಕಟ್ಟೆಯೋ, ಎದುರಿಗೆ ಬಣ್ಣಬಣ್ಣದ ಉಣ್ಣೆಯ ರಾಶಿ. ಕೈ ಎಲ್ಲದಕ್ಕೂ ಚಾಚುತ್ತದೆ. ನನ್ನ ಉತ್ತರ ಯಾವಾಗಲೂ ಒಂದೇ: ಮೂರು ಬಣ್ಣ ಸಾಕು, ಹೆಚ್ಚೆಂದರೆ ಐದು. ಅದಕ್ಕೂ ಮೊದಲು ಇಪ್ಪತ್ತು ನಿಮಿಷ ಉಣ್ಣೆ ಮುಟ್ಟಬೇಡಿ, ಚಿತ್ರ ನೋಡಿ.

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಸಲಕ್ಕೆ ಎಂಟು ಜನರಿಗೆ ನಾನು ನೂಲುವುದನ್ನು ಕಲಿಸುತ್ತೇನೆ. ಅಲ್ಲಿ ಕಲಿತದ್ದನ್ನು, ಎಡವಿ ತಿದ್ದಿಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಒಬ್ಬರೇ ಕೂತು ಕಲಿಯುವವರಿಗೂ ಇದು ಸಾಕಾಗುತ್ತದೆ. ಶಾಲೆಯಲ್ಲೋ ಮಹಿಳಾ ಮಂಡಳದಲ್ಲೋ ಕಲಿಸಬೇಕೆನ್ನುವವರಿಗೆ ಇನ್ನೂ ಹೆಚ್ಚು ಉಪಯೋಗವಾದೀತು.

ನನ್ನ ಪೀಳಿಗೆಯವರು ತಕಲಿ ಹಿಡಿದದ್ದು ಪ್ರಾಥಮಿಕ ಶಾಲೆಯಲ್ಲಿ. ಹಂಜಿ ಎಳೆದು ಎಳೆದು ನೂಲು ತೆಗೆಯಬೇಕು, ಉಬ್ಬು ಬರಬಾರದು, ಹರಿಯಬಾರದು. ಎಳೆ ಎಷ್ಟು ಸಮ ಇದ್ದರೆ ಅಷ್ಟು ಶಹಬ್ಬಾಸ್. ಆ ಶಿಸ್ತಿಗೆ ದೊಡ್ಡ ಹಿನ್ನೆಲೆಯಿದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಆ ಒಂದೇ ಅಧಿವೇಶನದಲ್ಲಿ, ಸದಸ್ಯತ್ವದ ವಂತಿಗೆಯನ್ನೇ ನೂಲಿನಲ್ಲಿ ನಿಗದಿ ಮಾಡಿದರು: ತಿಂಗಳಿಗೆ 2000 ಗಜ, ವರ್ಷಕ್ಕೆ 24,000 ಗಜ. ಅಂದರೆ ಹೆಚ್ಚುಕಡಿಮೆ 22 ಕಿಲೋಮೀಟರ್ ಉದ್ದದ ನೂಲು. ಅದೂ ಸಮನಾಗಿ ನೂತ ನೂಲೇ ಆಗಬೇಕೆಂದು ನಿಯಮದಲ್ಲೇ ಇತ್ತು. ಮಗ್ಗಕ್ಕೆ ಹಾಸು ಹಾಕುವ ನೂಲು ಸಮ ಇಲ್ಲದಿದ್ದರೆ ಹರಿಯುತ್ತದೆ, ನೇಕಾರನ ದಿನ ಹಾಳಾಗುತ್ತದೆ. ಹಾಗಾಗಿ ಆ ನಿಯಮ ಸರಿಯಾದದ್ದೇ.

ಚಿತ್ರದಿಂದ ತೆಗೆಯುವ ನೂಲಿಗೆ ಮಗ್ಗದ ಆ ಹಂಗು ಇಲ್ಲ. ಇದು ಹೆಣಿಗೆಗೆ, ಗೋಡೆಯ ಮೇಲಿನ ನೇಯ್ಗೆಗೆ, ಕಸೂತಿಗೆ, ಸರಕ್ಕೆ, ಕೆಲವೊಮ್ಮೆ ಬರೀ ಲಡಿಯಾಗಿ ತೂಗುಹಾಕುವುದಕ್ಕೆ ಹೋಗುವ ನೂಲು. ಇಲ್ಲಿ ಉಬ್ಬೂ ಬೇಕು, ಸಣ್ಣದೂ ಬೇಕು, ಅಲ್ಲಲ್ಲಿ ಸುರುಳಿಯೂ ಬೇಕು. ಆದರೆ ಅವು ತಾವಾಗಿ ಬಂದದ್ದಾಗಿರಬಾರದು, ನಾವು ಕರೆದಾಗ ಬಂದದ್ದಾಗಿರಬೇಕು. ಹೊಸದಾಗಿ ಕಲಿಯುವವರ ಕೈಯಲ್ಲಿ ಮೊದಲ ವಾರ ಬರುವ ಉಬ್ಬುತಗ್ಗಿನ ನೂಲನ್ನು ಎಸೆಯಬೇಡಿ. ಚೀಟಿ ಕಟ್ಟಿ ಡಬ್ಬಿಯಲ್ಲಿ ಇಡಿ. ಕೈ ಪಳಗಿದ ಮೇಲೆ ಅಂಥ ನೂಲು ಬೇಕೆಂದರೂ ಬರುವುದಿಲ್ಲ, ಬೆರಳು ತಾನಾಗಿ ಸಮ ಮಾಡಿಬಿಡುತ್ತದೆ. ನನ್ನ ಕೈಗೆ ಮತ್ತೆ ದಪ್ಪ ನೂಲುವುದನ್ನು ಕಲಿಸಲು ಒಂದು ಮಳೆಗಾಲವೇ ಹಿಡಿಯಿತು.

ಸಲಕರಣೆಗೆ ಹೆದರುವುದು ಬೇಡ. ರಾಟೆ ಇಲ್ಲದಿದ್ದರೆ ತಕಲಿ ಸಾಕು. ಹತ್ತಿಯ ಸಣ್ಣ ತಕಲಿ ಉಣ್ಣೆಗೆ ಸಾಲದು. ಹಳೆಯ ಎರಡು ಸಿ.ಡಿ., ನಡುವೆ ರಬ್ಬರಿನ ಬಳೆ, ಒಂದಡಿ ಉದ್ದದ ದುಂಡು ಕಡ್ಡಿ, ತುದಿಗೆ ಒಂದು ಕೊಕ್ಕೆ. ಇಷ್ಟಾದರೆ ತಕಲಿ ತಯಾರು. ತೂಕ 40ರಿಂದ 60 ಗ್ರಾಂ ಇದ್ದರೆ ಮಧ್ಯಮ ನೂಲಿಗೆ ಹದ. ಇನ್ನೂ ದಪ್ಪ ನೂಲಬೇಕೆಂದರೆ ಕೆಳಗೆ ಇನ್ನೊಂದು ಸಿ.ಡಿ. ಸೇರಿಸಿ. ಉಣ್ಣೆ ಹಿಂಜಲು ಮುಳ್ಳಿನ ಹಲಗೆ ಸಿಗದಿದ್ದರೆ, ನಾಯಿಯ ಕೂದಲು ಬಾಚಲು ಮಾರುವ ತಂತಿಹಲ್ಲಿನ ಚಪ್ಪಟೆ ಬ್ರಷ್ ಎರಡು ತಂದುಕೊಳ್ಳಿ. ನನ್ನ ತರಗತಿಯ ಅರ್ಧ ಜನ ಇವತ್ತಿಗೂ ಅದರಲ್ಲೇ ಹಿಂಜುತ್ತಾರೆ.

ಉಣ್ಣೆಯ ವಿಷಯದಲ್ಲಿ ನನಗೊಂದು ಹಟವಿದೆ. ಬಣ್ಣ ಹಾಕಿದ ಮೆರಿನೊ ಮೃದು, ನಿಜ, ನೂಲಲೂ ಸುಲಭ. ಆದರೆ ರಾಶಿಯಲ್ಲಿ ನಮ್ಮ ದಖ್ಖನಿ ಕುರಿಯ ಕಪ್ಪು ಉಣ್ಣೆ, ಕಂಬಳಿಯ ಉಣ್ಣೆ, ಇರಲೇಬೇಕು. ಅದು ಒರಟು, ಕೈಗೆ ಚುಚ್ಚುತ್ತದೆ. ಬಂಡೆ, ಮಣ್ಣು, ತೊಗಟೆ, ಸುಟ್ಟ ಒಲೆಗಳ ಚಿತ್ರಕ್ಕೆ ಆ ಒರಟೇ ಬೇಕು. ಕಪ್ಪು ಬಣ್ಣ ಹಾಕಿದ ನಯವಾದ ಉಣ್ಣೆಯಲ್ಲಿ ಅದು ಎಷ್ಟು ಹಿಂಜಿದರೂ ಬರುವುದಿಲ್ಲ. ಹೊಳೆಯುವ ಜಾಗಕ್ಕೆ ರೇಷ್ಮೆ. ಚಿಟ್ಟೆ ಕೊರೆದುಕೊಂಡು ಹೊರಬಂದ ಗೂಡಿನಲ್ಲಿ ಎಳೆ ತುಂಡಾಗಿರುತ್ತದೆ, ಅದನ್ನು ಬಿಚ್ಚಣಿಕೆಗೆ ಹಾಕುವಂತಿಲ್ಲ, ನೂಲಬೇಕಷ್ಟೇ. ಮಟ್ಕಾ ರೇಷ್ಮೆ ಬರುವುದು ಹೀಗೆಯೇ. ಅಂಥ ಗೂಡು ಹಿಡಿಯಷ್ಟಿದ್ದರೆ ಇಡೀ ತರಗತಿಯ ಬಿಸಿಲು, ನೀರು, ದೀಪಗಳಿಗೆಲ್ಲ ಸಾಕು. ಹತ್ತಿಯಲ್ಲೂ ಹುಟ್ಟುಬಣ್ಣದ್ದು ಇದೆ. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕಂದುಬಣ್ಣದ ದೇಸಿ ಹತ್ತಿಯ ತಳಿಯನ್ನೇ ರೂಪಿಸಿದೆ. ಬಣ್ಣದ ಹತ್ತಿಯ ನೂಲನ್ನು ಸೋಡಾ ಹಾಕಿದ ನೀರಿನಲ್ಲಿ ಕುದಿಸಿದರೆ ಬಣ್ಣ ಇನ್ನಷ್ಟು ಗಾಢವಾಗುತ್ತದೆ. ಮಕ್ಕಳಿಗೆ ಇದನ್ನು ಕಣ್ಣೆದುರೇ ಮಾಡಿ ತೋರಿಸಿ, ಮರೆಯುವುದಿಲ್ಲ.

ಚಿತ್ರಕ್ಕೆ ಕೈ ಹಾಕುವ ಮೊದಲು ಕೈಗೆ ಮೂರು ಸಂಗತಿ ಗೊತ್ತಿರಬೇಕು. ಎರಡು ಕೈಗಳ ನಡುವಿನ ದೂರ ಎಳೆಯ ಉದ್ದಕ್ಕಿಂತ ತುಸು ಹೆಚ್ಚಿರಬೇಕು. ಹತ್ತಿಯ ಎಳೆ ಎರಡು-ಮೂರು ಸೆಂಟಿಮೀಟರ್, ಮೆರಿನೊ ಏಳರಿಂದ ಹತ್ತು. ಹತ್ತಿರ ಹಿಡಿದರೆ ಎಳೆ ಜಾರುವುದೇ ಇಲ್ಲ, ದೂರ ಹಿಡಿದರೆ ಹರಿದುಹೋಗುತ್ತದೆ. ಎರಡನೆಯದು, ಹುರಿ ಸಾಕಾಯಿತೇ ಎಂದು ನೋಡುವ ಬಗೆ. ಹೊಸ ನೂಲಿನ ಒಂದು ಗೇಣನ್ನು ಸಡಿಲ ಬಿಟ್ಟರೆ ಅದು ತನ್ನ ಮೇಲೆ ತಾನೇ ಸುತ್ತಿಕೊಳ್ಳುತ್ತದೆ. ಹಾಗೆ ಸುತ್ತಿಕೊಂಡದ್ದು ಕಣ್ಣಿಗೆ ಚೆಂದ ಕಂಡರೆ ಎರಡೆಳೆ ಹುರಿ ಕೂಡಿಸಲು ಹದ ಬಂದಿದೆ ಎಂದರ್ಥ. ಮೂರನೆಯದು, ಒಂಟಿ ಎಳೆಯನ್ನು ಬಲಕ್ಕೆ ತಿರುಗಿಸಿ ನೂತಿದ್ದರೆ ಎರಡನ್ನು ಕೂಡಿಸುವಾಗ ಎಡಕ್ಕೆ ತಿರುಗಿಸಬೇಕು. ಇಷ್ಟು ಬರಲು ಎರಡು ಮೂರು ವಾರ ಬೇಕು. ಅವಸರ ಮಾಡಿ ಮೊದಲ ದಿನವೇ ಚಿತ್ರ ಕೊಟ್ಟರೆ ಕಲಿಯುವವರ ಕಣ್ಣು ಚಿತ್ರದ ಮೇಲೂ ಇರುವುದಿಲ್ಲ, ಎಳೆಯ ಮೇಲೂ ಇರುವುದಿಲ್ಲ.

ಮೊದಲ ವರ್ಷ ನಾನು ಮಾಡಿದ ತಪ್ಪು ಹೇಳಬೇಕು. ವ್ಯಾನ್ ಗೋ 1889ರಲ್ಲಿ ಬರೆದ ನಕ್ಷತ್ರಗಳ ರಾತ್ರಿಯ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಅಂಟಿಸಿದೆ, ಎಂಟೂ ಜನರಿಗೆ ಅದನ್ನೇ ಕೊಟ್ಟೆ. ಎಂಟೂ ಜನ ನೀಲಿ-ಹಳದಿ ಪಟ್ಟೆಯ ನೂಲು ತಂದರು. ಒಂದರ ಪಕ್ಕ ಒಂದು ಇಟ್ಟರೆ ಯಾವುದು ಯಾರದ್ದೆಂದು ಗೊತ್ತಾಗುತ್ತಿರಲಿಲ್ಲ. ಆ ಚಿತ್ರದಲ್ಲಿ ಮುಖ್ಯವಾದದ್ದು ಸುತ್ತುವ ಆಕಾಶ. ಅದು ಒಂದು ನೂಲಿನಲ್ಲೂ ಬಂದಿರಲಿಲ್ಲ, ಬಣ್ಣ ಮಾತ್ರ ಬಂದಿತ್ತು. ತಪ್ಪು ಅವರದಲ್ಲ; ನೋಡುವುದನ್ನು ನಾನು ಕಲಿಸಿರಲಿಲ್ಲ.

ಅಂದಿನಿಂದ ಎರಡು ನಿಯಮ ಇಟ್ಟುಕೊಂಡಿದ್ದೇನೆ. ಚಿತ್ರವನ್ನು ಅವರವರೇ ತರಬೇಕು. ಫೋಟೊ ಆಗಬಹುದು, ಕ್ಯಾಲೆಂಡರ್ ಆಗಬಹುದು, ಹಳೆಯ ಆಲ್ಬಮ್ಮಿನ ಹಾಳೆಯೂ ಆಗಬಹುದು. ತಂದ ಮೇಲೆ ಅದರ ಬಗ್ಗೆ ಮೂರು ವಾಕ್ಯ ಬರೆಯಬೇಕು, ಒಂದು ಬಣ್ಣದ ಹೆಸರೂ ಅದರಲ್ಲಿ ಬರಬಾರದು.

ಮೊದಮೊದಲು ಪೆನ್ನು ಓಡುವುದಿಲ್ಲ. ಆಮೇಲೆ ಕನ್ನಡವೇ ಕೈ ಹಿಡಿಯುತ್ತದೆ. ನಮ್ಮ ಭಾಷೆಯಲ್ಲಿ ಎಷ್ಟೊಂದು ಜೋಡಿಪದಗಳಿವೆ ನೋಡಿ: ಮಿಣಮಿಣ, ತೊಟತೊಟ, ಜುಳುಜುಳು, ಗರಗರ, ಸರಸರ, ಜೋಲುಜೋಲು, ಒರಟೊರಟು. ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ನಡಿಗೆಯಿದೆ. ನೂಲಿಗೆ ಬೇಕಾದದ್ದೂ ನಡಿಗೆಯೇ. ಸೂರಿನ ಅಂಚಿನಿಂದ ಮಳೆನೀರು ತೊಟತೊಟ ಬೀಳುವ ಫೋಟೊ ತಂದಿದ್ದ ಹುಡುಗಿಯೊಬ್ಬಳು ಆ ಪದವನ್ನೇ ನೂತಳು. ಸಣ್ಣ ಎಳೆ, ಗೇಣಿಗೊಂದು ಹನಿಯಂಥ ಉಬ್ಬು, ಮತ್ತೆ ಸಣ್ಣ ಎಳೆ. ಬಣ್ಣ ಒಂದೇ, ಬೂದು. ಆ ವರ್ಷದ ಅತ್ಯುತ್ತಮ ನೂಲು ಅದು. ಗರಗರ ಎಂದರೆ ಹೆಚ್ಚು ಹುರಿ ಕೊಟ್ಟ ಒಂಟಿ ಎಳೆ. ಸಡಿಲ ಬಿಟ್ಟರೆ ತಾನಾಗಿ ತಿರುಚಿಕೊಳ್ಳಬೇಕು, ಸುತ್ತುವ ಆಕಾಶಕ್ಕೆ ಬೇಕಾಗಿದ್ದದ್ದು ಅದು. ಮಿಣಮಿಣ ಎಂದರೆ ಮಬ್ಬು ಉಣ್ಣೆಯ ಜೊತೆ ಕೂದಲೆಳೆಯಷ್ಟು ರೇಷ್ಮೆ, ಒಮ್ಮೆ ಮೇಲೆ ಬಂದು ಒಮ್ಮೆ ಒಳಗೆ ಹೋಗುವ ಹಾಗೆ. ಜೋಲುಜೋಲಿಗೆ ಹುರಿ ಕಡಿಮೆ ಮಾಡಿ, ಬೆರಳಿನ ಹಿಡಿತ ಬೇಗ ಬಿಡಿ. ಒರಟಿಗೆ ಅರೆಬರೆ ಹಿಂಜಿದ ಕಂಬಳಿ ಉಣ್ಣೆ. ಚಿತ್ರದಿಂದ ಒಂದೇ ಒಂದು ಪದ ಆರಿಸಿಕೊಳ್ಳಿ ಎನ್ನುತ್ತೇನೆ. ಎರಡು ಪದ ಆರಿಸಿದವರು ಎರಡು ನೂಲು ತೆಗೆಯಬೇಕು.

ಹೊಕುಸಾಯಿಯ ದೊಡ್ಡ ಅಲೆಯ ಚಿತ್ರವನ್ನು ಬಹಳ ಜನ ತರುತ್ತಾರೆ. 1831ರ ಸುಮಾರಿನ ಆ ಜಪಾನಿ ಅಚ್ಚುಚಿತ್ರದ ನೀಲಿಯಷ್ಟೇ ಅವರ ಕಣ್ಣಿಗೆ ಬಿದ್ದಿರುತ್ತದೆ. ಅಲೆಯ ತುದಿಯಲ್ಲಿ ಉಗುರಿನಂತೆ ಬಾಗಿದ ನೊರೆಯನ್ನು ನೋಡಿ ಎನ್ನುತ್ತೇನೆ. ಅದಕ್ಕೆ ಸುರುಳಿ ಬೇಕು. ಎರಡೆಳೆ ಕೂಡಿಸುವಾಗ ದಪ್ಪ ಎಳೆಯನ್ನು ಪಕ್ಕಕ್ಕೆ ಅಡ್ಡಲಾಗಿ ಹಿಡಿದು, ಸಣ್ಣ ಎಳೆಯ ಸುತ್ತ ನಾಲ್ಕಾರು ಸುತ್ತು ಬರಲು ಬಿಟ್ಟು, ಬೆರಳಿನಿಂದ ಮೇಲಕ್ಕೆ ನೂಕಿ ಒತ್ತಾಗಿ ಕೂರಿಸಬೇಕು. ನಡುನಡುವೆ ಸಾದಾ ಹುರಿ ಸಾಕಷ್ಟು ಇರಲಿ. ಎಲ್ಲ ಕಡೆ ಸುರುಳಿ ಇದ್ದರೆ ಅಲೆಯೂ ಇಲ್ಲ, ನೊರೆಯೂ ಇಲ್ಲ.

ಇನ್ನು ಬಣ್ಣ. ಇಲ್ಲಿ ಲೆಕ್ಕ ಹಾಕಬೇಕು, ಲೆಕ್ಕವೆಂದರೆ ನಿಜವಾಗಿಯೂ ಎಣಿಸುವುದು. ಫೋಟೊದ ಮೇಲೆ ಪಾರದರ್ಶಕ ಹಾಳೆ ಇಟ್ಟು ಅಡ್ಡ ಹತ್ತು, ಉದ್ದ ಹತ್ತು ಚೌಕಗಳ ಜಾಲ ಎಳೆಯಿರಿ. ಒಟ್ಟು ನೂರು ಚೌಕ. ಪ್ರತಿ ಚೌಕದಲ್ಲಿ ಹೆಚ್ಚಾಗಿರುವ ಬಣ್ಣ ಯಾವುದೆಂದು ಕಣ್ಣು ಕಿರಿದು ಮಾಡಿ ನೋಡಿ ಗುರುತು ಹಾಕುತ್ತ ಬನ್ನಿ. 50 ಗ್ರಾಂ ನೂಲು ಬೇಕಿದ್ದರೆ ಒಂದು ಚೌಕಕ್ಕೆ ಅರ್ಧ ಗ್ರಾಂ. ಅಡಿಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಪ್ರತ್ಯೇಕ ಗುಡ್ಡೆ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಅದೇ ಫೋಟೊವನ್ನು ಕಪ್ಪುಬಿಳುಪು ಮಾಡಿಯೂ ಒಮ್ಮೆ ನೋಡಿ. ಬೇರೆ ಬೇರೆ ಎಂದುಕೊಂಡ ಎರಡು ಬಣ್ಣಗಳು ಅಲ್ಲಿ ಒಂದೇ ಬೂದುಬಣ್ಣವಾಗಿ ಕಂಡರೆ ನೂಲಿನಲ್ಲೂ ಅವು ಒಂದರಲ್ಲೊಂದು ಮುಳುಗಿಹೋಗುತ್ತವೆ. ಒಂದನ್ನು ತಿಳಿ ಮಾಡಿ, ಇನ್ನೊಂದನ್ನು ಗಾಢ ಮಾಡಿ.

ಈ ಲೆಕ್ಕ ಏಕೆ ಬೇಕೆಂದು ನನಗೆ ಚೆನ್ನಾಗಿ ಅರ್ಥವಾದದ್ದು ಸಾಗರದ ಕಡೆಯಿಂದ ಹುಬ್ಬಳ್ಳಿಗೆ ಮದುವೆಯಾಗಿ ಬಂದ ಒಬ್ಬ ಅಕ್ಕನ ಜೊತೆ ಕೂತಾಗ. ಅವರು ತಂದದ್ದು ತವರುಮನೆಯ ಹಿತ್ತಲ ಗೋಡೆಯ ಫೋಟೊ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಆಷಾಢದ ಮಳೆಯಲ್ಲಿ ತೊಯ್ದದ್ದು. ಕಲ್ಲಿನ ಮೈತುಂಬ ಸಣ್ಣ ಸಣ್ಣ ಕುಳಿ, ಕುಳಿಗಳಲ್ಲಿ ಪಾಚಿ, ನೀರು ಇಳಿದ ಕಡೆ ಕರಿಯ ಗೆರೆ, ಒಂದು ಮೂಲೆಯಲ್ಲಿ ಪುಟ್ಟ ಜರಿಗಿಡ.

"ಇದು ಹಸಿರು ನೂಲೇ ಆಗಬೇಕು. ನನಗೆ ಆ ಗೋಡೆ ಅಂದ್ರೆ ಹಸಿರೇ ನೆನಪು" ಎಂದರು.

ಎಣಿಸಿ ನೋಡೋಣ ಎಂದೆ. ಇಬ್ಬರೂ ಕೂತು ನೂರು ಚೌಕ ಎಣಿಸಿದೆವು. ಕಾವಿಗೆಂಪು 46, ಕಪ್ಪು 27, ಪಾಚಿಹಸಿರು 15, ಬೂದುಬಿಳಿ 8, ಜರಿಗಿಡದ ಎಳೆಹಸಿರು 4. ಅವರು ಪಾರದರ್ಶಕ ಹಾಳೆಯನ್ನು ತೆಗೆದು, ಮತ್ತೆ ಇಟ್ಟು, ಇನ್ನೊಮ್ಮೆ ಎಣಿಸಿದರು. "ಇಷ್ಟೇ ಇರೋದಾ ಹಸಿರು?" ಎಂದು ಎರಡು ಸಲ ಕೇಳಿದರು.

ಒಪ್ಪಿಸುವುದಕ್ಕಿಂತ ಮಾಡಿ ನೋಡುವುದೇ ಮೇಲು ಎಂದು ಐದೈದು ಗ್ರಾಂನ ಎರಡು ಮಾದರಿ ನೂಲು ತೆಗೆಸಿದೆ. ಒಂದು ಲೆಕ್ಕದ ಪ್ರಕಾರ, ಇನ್ನೊಂದು ನೆನಪಿನ ಪ್ರಕಾರ. ನೆನಪಿನದರಲ್ಲಿ ಅರ್ಧಕ್ಕರ್ಧ ಹಸಿರು. ಎರಡನ್ನೂ ಫೋಟೊದ ಪಕ್ಕದಲ್ಲಿಟ್ಟಾಗ, ಲೆಕ್ಕದ ನೂಲು ಗೋಡೆಯ ಹಾಗಿತ್ತು. ನೆನಪಿನ ನೂಲು ಯಾವುದೋ ಪಾರ್ಕಿನ ಹುಲ್ಲಿನ ಹಾಗಿತ್ತು. ಅದಕ್ಕಿಂತ ಆಶ್ಚರ್ಯವೆಂದರೆ ಲೆಕ್ಕದ ನೂಲಿನಲ್ಲಿದ್ದ ಆ ಒಂಚೂರು ಹಸಿರೇ ಹೆಚ್ಚು ಹಸಿರಾಗಿ ಕಾಣುತ್ತಿತ್ತು.

ಇದರ ಕಾರಣವನ್ನು ಕಂಡುಕೊಂಡದ್ದೂ ನೂಲಿನ ಮನೆಯಲ್ಲೇ. ಪ್ಯಾರಿಸಿನಲ್ಲಿ ಗೊಬ್ಲಾಂ ಎಂಬ ಹೆಸರಾಂತ ಚಿತ್ರನೇಯ್ಗೆಯ ಕಾರ್ಖಾನೆ ಇದೆ. 1824ರಲ್ಲಿ ಅಲ್ಲಿನ ಬಣ್ಣದ ವಿಭಾಗಕ್ಕೆ ಶೆವ್ರೊಲ್ ಎಂಬ ರಸಾಯನಶಾಸ್ತ್ರಜ್ಞ ಮುಖ್ಯಸ್ಥನಾಗಿ ಬಂದ. ಕಪ್ಪು ಉಣ್ಣೆ ಸಾಕಷ್ಟು ಕಪ್ಪಾಗಿಲ್ಲ, ನೀಲಿ-ನೇರಳೆಯ ನಡುವೆ ನೇಯ್ದರೆ ಸಪ್ಪೆ ಕಾಣುತ್ತದೆ ಎಂಬ ದೂರು ಅವನ ಮುಂದೆ ಬಂತು. ಅವನು ಬಣ್ಣ ಪರೀಕ್ಷಿಸಿ ನೋಡಿದ, ಬಣ್ಣದಲ್ಲಿ ದೋಷವಿರಲಿಲ್ಲ. ದೋಷ ನೆರೆಹೊರೆಯದಾಗಿತ್ತು. ಪಕ್ಕದ ಬಣ್ಣವೇ ಕಪ್ಪನ್ನು ಮಂಕು ಮಾಡುತ್ತಿತ್ತು. ಒಂದರ ಪಕ್ಕ ಒಂದು ಕೂತ ಬಣ್ಣಗಳು ಒಂದನ್ನೊಂದು ಬದಲಿಸಿ ಕಾಣಿಸುತ್ತವೆ ಎಂಬ ನಿಯಮವನ್ನು ಅವನು 1839ರಲ್ಲಿ ಪುಸ್ತಕವಾಗಿ ಪ್ರಕಟಿಸಿದ, ಮುಂದೆ ಚಿತ್ರಕಾರರು ಅದನ್ನು ಹಿಡಿದುಕೊಂಡರು. ಕೆಂಪಿನ ಪಕ್ಕದಲ್ಲಿ ಹಸಿರು ಉರಿಯುತ್ತದೆ. ಆ ಅಕ್ಕನ ನೆನಪಿನಲ್ಲಿ ಗೋಡೆ ಹಸಿರಾಗಿ ಉಳಿದದ್ದಕ್ಕೆ ಕಾರಣ ಹಸಿರು ಹೆಚ್ಚಿದ್ದದ್ದಲ್ಲ, ಸುತ್ತ ಕಾವಿಗೆಂಪು ಇದ್ದದ್ದು.

ಚಿತ್ರಕಾರರೂ ನೂಲಿನಿಂದ ಕಲಿತಿದ್ದಾರೆ ಎನ್ನಲು ಇನ್ನೊಂದು ಸಾಕ್ಷಿ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂನಲ್ಲಿದೆ. ಕೆಂಪು ಅರಗಿನ ಮೆರುಗಿನ ಒಂದು ಪೆಟ್ಟಿಗೆ, ಅದರಲ್ಲಿ ಬಣ್ಣದ ಉಣ್ಣೆದಾರದ 16 ಉಂಡೆಗಳು. ಯಾವ ಬಣ್ಣದ ಪಕ್ಕ ಯಾವುದು ಒಪ್ಪುತ್ತದೆ ಎಂದು ಕುಂಚ ಹಿಡಿಯುವ ಮೊದಲು ವ್ಯಾನ್ ಗೋ ದಾರಗಳನ್ನು ಕೂಡಿಸಿ ನೋಡುತ್ತಿದ್ದ. ನನ್ನ ವಿದ್ಯಾರ್ಥಿಗಳಿಗೂ ಇದನ್ನೇ ಮಾಡಿಸುತ್ತೇನೆ. ನೂಲುವ ಮೊದಲು ಒಂದು ರಟ್ಟಿನ ಪಟ್ಟಿಗೆ ಸಿದ್ಧ ದಾರಗಳನ್ನು ಚಿತ್ರದ ಪ್ರಮಾಣದಲ್ಲೇ ಸುತ್ತಿ, ಗೋಡೆಗೆ ಒರಗಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ ನೋಡುವುದು. ಹತ್ತು ಹೆಜ್ಜೆ ಮುಖ್ಯ. ಕೈಯಳತೆಯಲ್ಲಿ ಕಾಣುವ ಬಣ್ಣವೇ ಬೇರೆ, ದೂರದಲ್ಲಿ ಕೂಡಿಕೊಳ್ಳುವ ಬಣ್ಣವೇ ಬೇರೆ.

ಉಣ್ಣೆ ಹಿಂಜುವಾಗ ಹೊಸಬರೆಲ್ಲ ತಪ್ಪದೆ ಮಾಡುವ ತಪ್ಪೆಂದರೆ ಅತಿಯಾಗಿ ಹಿಂಜುವುದು. ಮಾತನ್ನು ಹಿಂಜಿದರೆ ಹುರುಳು ಹೋಗುವ ಹಾಗೆ ಬಣ್ಣವನ್ನು ಹಿಂಜಿದರೆ ಕಳೆ ಹೋಗುತ್ತದೆ. ಕೆಂಪು, ಹಸಿರು ಎರಡನ್ನೂ ಒಂದೇ ಹಲಗೆಯ ಮೇಲೆ ಹಾಕಿ ಹತ್ತು ಸಲ ಬಾಚಿದರೆ ಕೊನೆಗೆ ಸಿಗುವುದು ಕೆಸರಿನ ಬಣ್ಣ. ಎರಡು ಸಲ, ಮೂರು ಸಲ ಬಾಚಿ ನಿಲ್ಲಿಸಿ. ಕಾವಿಗೆಂಪಿಗೆ ಒಂದು ಚಿಟಿಕೆ ಕಪ್ಪು ಸೇರಿ ಅಲ್ಲಲ್ಲಿ ಗೆರೆಯಾಗಿ ಉಳಿಯಲಿ. ಪಾಚಿಯನ್ನಂತೂ ಹಿಂಜಲೇಬೇಡಿ. ಆ ಅಕ್ಕ ಹಸಿರು ಉಣ್ಣೆಯನ್ನು ಕತ್ತರಿಯಲ್ಲಿ ಚಿಕ್ಕದಾಗಿ ಕತ್ತರಿಸಿ, ಅಂಗೈಯಲ್ಲಿ ಉಜ್ಜಿ, ಸಾಸಿವೆಗಿಂತ ತುಸು ದೊಡ್ಡ ಗುಳಿಗೆ ಮಾಡಿಕೊಂಡರು. ನೂಲುವಾಗ ಎಡಗೈಯಲ್ಲಿ ಉಣ್ಣೆಯನ್ನು ಅಗಲವಾಗಿ ಬಿಡಿಸಿ ಹಿಡಿದು, ಗುಳಿಗೆಯನ್ನು ಎಳೆಗಳ ನಡುವೆ ಇಟ್ಟು, ಅದರ ಮೇಲೆ ಹುರಿ ಏರುವವರೆಗೆ ಬೆರಳು ತೆಗೆಯದೆ ಕಾದರು. ಹುರಿ ಏರುವ ಮೊದಲೇ ಬೆರಳು ತೆಗೆದರೆ ಗುಳಿಗೆ ಉದುರಿ ಹೋಗುತ್ತದೆ. ಜರಿಗಿಡದ ಎಳೆಹಸಿರು 2 ಗ್ರಾಂ ಮಾತ್ರ ಇತ್ತು. ಅದನ್ನು ನೂಲಿನುದ್ದಕ್ಕೂ ಹರಡಲು ಹೊರಟಿದ್ದರು. ಬೇಡ, ಗೋಡೆಯಲ್ಲಿ ಅದು ಒಂದೇ ಮೂಲೆಯಲ್ಲಿತ್ತು, ನೂಲಿನಲ್ಲೂ ಒಂದೇ ಕಡೆ ಬರಲಿ ಎಂದೆ. ಕೊನೆಯ ಮಾರಿನಲ್ಲಿ ಅದನ್ನು ಪೂರ್ತಿ ಹಾಕಿದರು.

ಎಳೆ ಕೂಡಿಸುವ ಬಗೆಯೂ ಬಣ್ಣವನ್ನು ಬದಲಿಸುತ್ತದೆ. ಕೆಂಪೆಳೆ ಕಪ್ಪೆಳೆ ಎರಡನ್ನು ಹುರಿ ಮಾಡಿದರೆ ಹಾವಿನ ಮೈಯಂತೆ ಓರೆ ಪಟ್ಟೆ ಬರುತ್ತದೆ. ಹೆಣೆದ ಮೇಲೆ ಚುಕ್ಕೆಚುಕ್ಕೆಯಾಗುತ್ತದೆ. ಆಕಾಶದ ಬಣ್ಣ ನಿಧಾನವಾಗಿ ಬದಲಾಗುವ ಚಿತ್ರವಿದ್ದರೆ ಒಂದೇ ಎಳೆಯನ್ನು ಕುಣಿಕೆಯೊಳಗೆ ಕುಣಿಕೆಯಾಗಿ ತೂರಿಸುತ್ತ ಮೂರೆಳೆ ಮಾಡುವ ಸರಪಳಿ ಹುರಿ ಒಳ್ಳೆಯದು. ಅದರಲ್ಲಿ ಕಿತ್ತಳೆಯ ಪಕ್ಕ ಕಿತ್ತಳೆಯೇ ಬಂದು ಬಣ್ಣಗಳ ಸರದಿ ಕೆಡುವುದಿಲ್ಲ. ಗೋಡೆಯ ನೂಲಿಗೆ ನಾವು ಕಂಬಳಿ ಉಣ್ಣೆಯ ಸಣ್ಣ ಕಪ್ಪೆಳೆಯನ್ನು ಕಾವಿಗೆಂಪಿನ ದಪ್ಪ ಎಳೆಯ ಸುತ್ತ ಸಡಿಲವಾಗಿ ಸುತ್ತಿದೆವು. ನೀರಿಳಿದ ಗೆರೆಯ ಹಾಗೆ ಅದು ಒಮ್ಮೆ ಹತ್ತಿರ, ಒಮ್ಮೆ ದೂರ ಬಂತು.

ಆ ಸುತ್ತು ನಾನು ಕಲಿತದ್ದು ಚಳ್ಳಕೆರೆ ಕಡೆಯ ಹಳ್ಳಿಯೊಂದರ ಜಗಲಿಯಲ್ಲಿ. ಕಂಬಳಿಗೆ ಉಣ್ಣೆ ನೂಲುತ್ತಿದ್ದ ಅಜ್ಜಿ ರಾಟೆ ತಿರುಗಿಸುತ್ತಲೇ ಸೊಸೆಗೆ ಒಲೆಯ ಮೇಲಿನ ಸಾರು ನೋಡೆನ್ನುತ್ತಿದ್ದರು, ನನಗೆ ಊರಿನ ಸುದ್ದಿ ಹೇಳುತ್ತಿದ್ದರು. ಕಣ್ಣು ಒಮ್ಮೆಯೂ ಕದಿರಿನ ಮೇಲಿರಲಿಲ್ಲ. ಉಣ್ಣೆಯಲ್ಲಿ ತೊಡಕು ಬಂದಾಗ ಮಾತು ಅರೆಕ್ಷಣ ನಿಲ್ಲುತ್ತಿತ್ತು, ಹೆಬ್ಬೆರಳು ಆ ತೊಡಕನ್ನು ಸವರಿ ಕಳಿಸುತ್ತಿತ್ತು, ಮಾತು ಬಿಟ್ಟಲ್ಲಿಂದ ಮುಂದುವರಿಯುತ್ತಿತ್ತು. ಕಂಬಳಿಯ ಹಾಸಿಗೆ ಮುಂದೆ ಹುಣಸೆಬೀಜದ ಗಂಜಿ ಸವರುತ್ತಾರೆ, ಹಾಗಾಗಿ ನೂಲು ತುಸು ಸಡಿಲವಿದ್ದರೂ ನಡೆಯುತ್ತದೆ ಎಂದು ಅವರೇ ಹೇಳಿದರು. ಕಲಿಸುವವರಿಗೆ ನನ್ನದೊಂದು ಒತ್ತಾಯ: ನಿಮ್ಮ ವಿದ್ಯಾರ್ಥಿಗಳನ್ನು ಒಂದು ದಿನವಾದರೂ ಇಂಥವರ ಬಳಿ ಕರೆದುಕೊಂಡು ಹೋಗಿ, ಅವರ ದಿನದ ಕೂಲಿ ಕೊಟ್ಟು ಕೂರಿ. ಬೆರಳು ಉಣ್ಣೆಗೆ ಕಿವಿಗೊಡುವುದು ಹೇಗೆಂದು ಯಾವ ಚಿತ್ರವೂ ತೋರಿಸಲಾರದು.

ನೂತಾದ ಮೇಲೆ ತಕಲಿಯಿಂದ ಇಳಿಸಿ, ಕುರ್ಚಿಯ ಬೆನ್ನಿಗೋ ಮೊಣಕೈಗೋ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ. ಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಡಿ, ಉಜ್ಜಬೇಡಿ. ಬಿಸಿನೀರಿನಿಂದ ತೆಗೆದು ತಣ್ಣೀರಿಗೆ ಹಾಕಿದರೆ ಉಣ್ಣೆ ಮುದ್ದೆಯಾಗಿ ಗಟ್ಟಿಯಾಗುತ್ತದೆ. ಟವೆಲ್ಲಿನಲ್ಲಿ ಒತ್ತಿ ನೀರು ತೆಗೆದು, ಎರಡು ಕೈಗೆ ಹಾಕಿ ನಾಲ್ಕು ಸಲ ಫಟ್ಟೆಂದು ಎಳೆದು ಕೊಡವಿ, ನೆರಳಿನಲ್ಲಿ ತೂಗುಹಾಕಿ. ಹುರಿ ಹೆಚ್ಚಾಗಿ ಲಡಿ ತಿರುಚಿಕೊಳ್ಳುತ್ತಿದ್ದರೆ ಕೆಳಗೆ ಒಂದು ಚಿಕ್ಕ ತಂಬಿಗೆ ಕಟ್ಟಿ. ಗರಗರ ನೂತವರು ಮಾತ್ರ ತೂಕ ಕಟ್ಟಬಾರದು, ಅವರಿಗೆ ಆ ತಿರುಚೇ ಬೇಕು. ಒಣಗಿದ ಮೇಲೆ ಒಂದು ರಟ್ಟಿನ ಚೀಟಿ ಕಟ್ಟಿ: ಯಾವ ಉಣ್ಣೆ ಎಷ್ಟು ಗ್ರಾಂ, ತಕಲಿಯ ತೂಕ, ಒಂಟಿ ಎಳೆಯೋ ಹುರಿಯೋ, ಆರಿಸಿಕೊಂಡ ಪದ ಯಾವುದು. ಈ ಚೀಟಿ ಬರೆಯಲು ಎಲ್ಲರಿಗೂ ಬೇಸರ. ಆದರೆ ಆರು ತಿಂಗಳ ಮೇಲೆ ಅದೇ ನೂಲು ಇನ್ನೊಂದು ಲಡಿ ಬೇಕಾದಾಗ ಅದರ ಬೆಲೆ ಗೊತ್ತಾಗುತ್ತದೆ.

ಕೊನೆಯ ದಿನ ಪರೀಕ್ಷೆಯಿದೆ. ಎಂಟು ಚಿತ್ರಗಳನ್ನು ಚಾಪೆಯ ಮೇಲೆ ಸಾಲಾಗಿ ಇಡುತ್ತೇವೆ, ಎಂಟು ಲಡಿಗಳನ್ನು ಬುಟ್ಟಿಯಲ್ಲಿ ಕಲಸಿ ಇಡುತ್ತೇವೆ. ತರಗತಿಗೆ ಬಾರದವರೊಬ್ಬರನ್ನು ಕರೆದು, ಯಾವ ನೂಲು ಯಾವ ಚಿತ್ರದ್ದು, ಜೋಡಿಸಿ ಎನ್ನುತ್ತೇವೆ. ಆ ಸಲ ಕರೆದದ್ದು ಪಕ್ಕದ ಮನೆಯ ಎಂಟು ವರ್ಷದ ಹುಡುಗಿಯನ್ನು. ನೂಲುವವರು ಯಾರೂ ಬಾಯಿ ಬಿಡುವಂತಿಲ್ಲ. ಅವಳು ಕಾವಿಗೆಂಪಿನ ಲಡಿಯನ್ನು ಎತ್ತಿಕೊಂಡಳು. ಸಾಲಿನಲ್ಲಿ ಕೆಂಪು ಇದ್ದ ಚಿತ್ರಗಳು ಮೂರು: ಮೆಣಸಿನಕಾಯಿ ರಾಶಿ, ಯಾರದೋ ಮದುವೆಯ ಸೀರೆ, ಜಂಬಿಟ್ಟಿಗೆ ಗೋಡೆ. ಅವಳು ಚಿತ್ರಗಳನ್ನು ನೋಡುವ ಮೊದಲು ಕಣ್ಣು ಮುಚ್ಚಿ ಲಡಿಯನ್ನು ಕೆನ್ನೆಗೆ ಒತ್ತಿಕೊಂಡಳು. "ಇದು ಚುಚ್ತದ" ಎಂದಳು. ನೇರ ಹೋಗಿ ಗೋಡೆಯ ಮೇಲೆ ಇಟ್ಟಳು. ಆಮೇಲೆ ಎಳೆಹಸಿರಿನ ಆ ಕೊನೆಯ ಮಾರನ್ನು ಹುಡುಕಿ, ಬಿಚ್ಚಿ, ಫೋಟೊದಲ್ಲಿ ಜರಿಗಿಡ ಇದ್ದ ಮೂಲೆಗೆ ಸರಿಯಾಗಿ ಬರುವ ಹಾಗೆ ಲಡಿಯನ್ನು ತಿರುಗಿಸಿಟ್ಟಳು.